ಮೊಣಕಾಲಿನ ಅಳತೆ

"ಹಲಗಿ ಎಷ್ಟ ಕೆಳಗ ಕೂಡಸ್ಲಿ, ಸ್ನೇಹಲ? ನಿಲ್ಲೋರ ಮೊಣಕಾಲ ಅಳತಿ ಬೇಕಲಾ," ಎಂದು ಬಡಿಗೇರ ಭರಮು ಕಾಕಾ ದೋಣಿಯೊಳಗಿನಿಂದ ಕೇಳಿದ. ಅವನ ಕಿವಿಯ ಮೇಲೆ ಪೆನ್ಸಿಲ್ ಇತ್ತು, ಕೈಯಲ್ಲಿ ಟೇಪ್ ಇತ್ತು.

"ಇಪ್ಪತ್ತ ಇಂಚ್ರಿ," ಎಂದಳು ಸ್ನೇಹಲ, ತಡಮಾಡದೆ.

"ಇಪ್ಪತ್ತ ನಿಮ್ಮ ಅಪ್ಪಂದು."

"ಅದನ್ನ ಹಿಡೀರಿ ಕಾಕಾ."

ಭರಮು ಕಾಕಾ ಅವಳನ್ನು ಒಮ್ಮೆ ನೋಡಿದ. "ಹಂಗಾರ ಬಲಿ ಬೀಸಾಕ ನಿಮ್ಮ ಸಂಜಯ ಕಾಕಾ ಬರತಾನೇನು? ಅವನೂ ನಿಮ್ಮ ಅಪ್ಪನಷ್ಟ ಉದ್ದ ಅದಾನ ಬಿಡು," ಎಂದು ತಾನೇ ಉತ್ತರ ಹೇಳಿಕೊಂಡು, ದೋಣಿಯ ಅಂಚಿನಿಂದ ಟೇಪ್ ಇಳಿಬಿಟ್ಟ.

ಸ್ನೇಹಲ ಹೌದೆನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಹೊಳೆದಂಡೆಯ ಸತ್ತಿ ಊರಿನಲ್ಲಿ ಮೀನಿನ ದೋಣಿಗೆ ಹಲಗೆ ಹಾಸುವ ಕ್ರಮ ಹೀಗೆ: ಬಲೆ ಬೀಸುವವರು ಹಲಗೆಯ ಮೇಲೆ ನಿಂತಾಗ ದೋಣಿಯ ಅಂಚು ಅವರ ಮೊಣಕಾಲಿಗೆ ಸರಿಯಾಗಿ ತಾಗಬೇಕು. ಅಂಚು ಕೆಳಗಿದ್ದರೆ ಮುಗ್ಗರಿಸಿ ನೀರಿಗೆ ಬೀಳುತ್ತಾರೆ. ಮೇಲಿದ್ದರೆ ಬಾಗಿ ಬಲೆ ಎಳೆಯಲು ಆಗುವುದಿಲ್ಲ. ಆದ್ದರಿಂದ ಒಬ್ಬರ ಹಲಗೆ ಇನ್ನೊಬ್ಬರಿಗೆ ಒಗ್ಗುವುದಿಲ್ಲ.

ಅಪ್ಪ ಲಗಮಪ್ಪ ಕಾಮಾಲೆಯಿಂದ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಷ್ಟು ದಿನ ದೋಣಿ ಹೊಳೆಯ ದಂಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಗೆದ್ದಲು ಹಳೆಯ ಹಲಗೆಗಳನ್ನು ತಿಂದು ಹಾಕಿತ್ತು. ಕಳೆದ ಬೇಸಿಗೆಯಲ್ಲೇ ಅಪ್ಪ ಕೊಯ್ಯಿಸಿ ಅಟ್ಟದ ಮೇಲೆ ಇಟ್ಟಿದ್ದ ಬೇವಿನ ಹಲಗೆಗಳು ಈಗ ಕೆಳಗಿಳಿದಿದ್ದವು.

ಬೆಳಿಗ್ಗೆ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೊರಟಾಗ ಅವ್ವ ಕುಸುಮ ಸ್ಪಷ್ಟವಾಗಿ ಹೇಳಿದ್ದಳು: "ಭರಮು ಕಾಕಾ ಬಂದ್ರ ತಡೀರಿ ಅನ್ನು. ಅಳತಿ ನಾ ಬಂದ ಕೊಡ್ತೀನಿ."

ಆ ಅಳತೆ ಯಾರದೆಂದು ಸ್ನೇಹಲಳಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳು ಇಪ್ಪತ್ತು ಎಂದಿದ್ದಳು.

ಗರಗಸ ಆಡಿತು. ಹಲಗೆಗಳು ಒಂದೊಂದಾಗಿ ತುಂಡಾದವು. ಎರಡೂ ಬದಿಗೆ ಪಟ್ಟಿ ಹೊಡೆದು, ಅದರ ಮೇಲೆ ಹಲಗೆಗಳನ್ನು ಅಡ್ಡಲಾಗಿ ಜೋಡಿಸಿ ಭರಮು ಕಾಕಾ ಮೊಳೆ ಬಡಿದ. ಸ್ನೇಹಲ ಹಾರಿ ಹತ್ತಿ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಬೇವಿನ ಕಹಿ ವಾಸನೆ ಮೂಗಿಗೆ ಬಂತು. ಯಾಕೋ ಅವಳಿಗೆ ಸಮಾಧಾನವಾಯಿತು.

ಮಧ್ಯಾಹ್ನ ಅವ್ವ ಹೊಲದಿಂದ ನೇರವಾಗಿ ದಂಡೆಗೆ ಬಂದಳು. ಕಳೆ ತೆಗೆಯುವ ಕುರ್ಪಿ ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ದೋಣಿ ಹತ್ತಿ ಹಲಗೆಯ ಮೇಲೆ ನಿಂತಳು. ಬಲೆ ಎಳೆಯುವವಳಂತೆ ಬಾಗಿದಳು. ಅಂಚು ಅವಳ ತೊಡೆಗೆ ಒತ್ತಿತು. ಕೈ ಚಾಚಲು ತುದಿಗಾಲಿನ ಮೇಲೆ ನಿಲ್ಲಬೇಕಾಯಿತು.

"ಯಾರ ಅಳತೀರಿ ಇದು?"

"ನಿನ್ನ ಮಗಳ ಹೇಳಿದ್ಲವಾ. ನಾ ಸಂಜಯ ಬರತಾನ ಅಂತ ತಿಳಕೊಂಡೆ."

"ಅವ ರಾಯಬಾಗ ಬಿಟ್ಟ ಯಾಕ ಬರತಾನ್ರಿ? ಹೊಳಿಗೆ ನಾನ ಹೋಗಾಕಿ."

"ನೀನ? ಇಷ್ಟ ದಿನ ಹುಟ್ಟ ಹಾಕಿದಾಕಿ, ಬಲಿ ಬೀಸ್ತಿ? ಮೀನ ನಗತಾವ ನೋಡ."

"ನಗಲಿ. ನಕ್ಕಂತ ಬಲಿಯಾಗ ಬೀಳಲಿ," ಎಂದಳು ಅವ್ವ.

ಭರಮು ಕಾಕಾನ ಮುಖದ ನಗು ಕಡಿಮೆಯಾಯಿತು. "ಹಿಂಗ ತುದಿಗಾಲ ಮ್ಯಾಲ ನಿಂತ ಜಾರಿದ್ರ..." ಎಂದವನು ಸ್ನೇಹಲಳನ್ನು ಕಂಡು ಮಾತು ನಿಲ್ಲಿಸಿದ. ಆಮೇಲೆ ಮೆಲ್ಲಗೆ ಹೇಳಿದ, "ಹಲಗಿ ಮ್ಯಾಲ ಎತ್ತಬೇಕವಾ. ಆದರ ದೋಣಿ ಮ್ಯಾಲ ಹೋದಂಗ ಅಗಲ. ಕೆಳಗಿನ ಅಗಲಕ್ಕ ಕೊಯ್ದ ಇವು ಒಂದೊಂದ ಇಂಚ ಸಾಲಂಗಿಲ್ಲ. ಎರಡೂ ಕಡೆ ಸಂದ ಬೀಳತಾವ."

"ಬೀಳಲಿ. ಪಟ್ಟಿ ಅಗಲಂದು ಹೊಡೀರಿ. ಸಂದಿನಾಗ ನೀರ ಬಸೀತೈತಿ. ಇವನ್ನ ಕಿತ್ತ ಹಾಕ್ರಿ."

"ಕೀಳಬ್ಯಾಡ್ರಿ," ಎಂದಳು ಸ್ನೇಹಲ. ಧ್ವನಿ ಅವಳು ಅಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ. "ಅದು ಅಪ್ಪಂದು."

ಅವ್ವ ಬೈಯುತ್ತಾಳೆಂದು ಸ್ನೇಹಲ ಕಾದಳು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅಪ್ಪನನ್ನು ಇಷ್ಟು ಬೇಗ ಮರೆತೆಯಾ ಎಂದು ಕೇಳಬಹುದಿತ್ತು. ನಾಲ್ಕು ತಿಂಗಳಲ್ಲಿ ಅವ್ವ ಅಳುವುದನ್ನು ಅವಳು ಒಂದೇ ಸಲ ನೋಡಿದ್ದಳು.

ಅವ್ವ ಬೈಯಲಿಲ್ಲ. ಭರಮು ಕಾಕಾನ ಸುತ್ತಿಗೆ ತೆಗೆದುಕೊಂಡು ತಾನೇ ಒಂದು ಹಲಗೆಯ ಮೊಳೆ ಕಿತ್ತಳು. ಭರಮು ಕಾಕಾ ಉಳಿದವನ್ನು ಕಿತ್ತ. ಹಲಗೆಗಳು ಮತ್ತೆ ದಂಡೆಯ ಮೇಲೆ ಸಾಲಾಗಿ ಮಲಗಿದವು. ಅವ್ವ ದೋಣಿಯಿಂದ ಇಳಿದು ಸಪಾಟು ನೆಲ ನೋಡಿ ನಿಂತಳು.

"ಬಾ ಇಲ್ಲಿ. ಟೇಪ್ ಹಿಡಿ."

"ಕಾಕಾ ಹಿಡೀಲಿ."

"ನೀ ಹಿಡಿ."

ಸ್ನೇಹಲ ಮಂಡಿಯೂರಿ ಕುಳಿತು, ಟೇಪಿನ ತುದಿಯನ್ನು ಅವ್ವನ ಹಿಮ್ಮಡಿಯ ಪಕ್ಕ ನೆಲಕ್ಕೆ ಒತ್ತಿದಳು. ಹೊಲದ ಕೆಸರು ಪಾದದ ಮೇಲೆ ಒಣಗಿತ್ತು. ಕಬ್ಬಿನ ಗರಿ ಗೀರಿದ ಸಣ್ಣ ಗೆರೆಗಳು ಮೊಣಕಾಲಿನವರೆಗೂ ಇದ್ದವು. ಟೇಪನ್ನು ಮೇಲಕ್ಕೆ ಎಳೆದು ಮೊಣಕಾಲಿಗೆ ಹಿಡಿದಳು. ಓದಲು ಆಗಲಿಲ್ಲ. ಅಂಕಿಗಳು ಅಲುಗುತ್ತಿದ್ದವು.

ತನ್ನ ಕೈ ನಡುಗುತ್ತಿದೆ ಎಂದುಕೊಂಡು ಅವಳು ಟೇಪನ್ನು ಬಿಗಿಯಾಗಿ ಒತ್ತಿದಳು. ಅಂಕಿಗಳು ಆಗಲೂ ಅಲುಗಿದವು. ನಡುಗುತ್ತಿದ್ದುದು ಅವ್ವನ ಕಾಲು.

ಸ್ನೇಹಲ ತಲೆಯೆತ್ತಿ ನೋಡಿದಳು. ಅವ್ವ ಭರಮು ಕಾಕಾನನ್ನಾಗಲಿ, ದೋಣಿಯನ್ನಾಗಲಿ ನೋಡುತ್ತಿರಲಿಲ್ಲ. ಅವಳ ಕಣ್ಣು ಹೊಳೆಯ ನಡುವೆ, ನೀರು ಕಪ್ಪಗೆ ಕಾಣುವ ಕಡೆ ನೆಟ್ಟಿತ್ತು.

"ಎಷ್ಟ ಬಂತು?" ಎಂದು ಭರಮು ಕಾಕಾ ಕೇಳಿದ.

"ತಡೀರಿ ಕಾಕಾ," ಎಂದಳು ಸ್ನೇಹಲ. ಟೇಪ್ ಹಿಡಿಯದ ಕೈಯಿಂದ ಅವ್ವನ ಮೀನಖಂಡವನ್ನು ಗಟ್ಟಿಯಾಗಿ ಹಿಡಿದಳು. ನಡುಕ ನಿಲ್ಲುವವರೆಗೂ ಹಾಗೇ ಹಿಡಿದಿದ್ದಳು. ಆಮೇಲೆ ಒಮ್ಮೆ ಓದಿದಳು. ತಪ್ಪಬಾರದೆಂದು ಮತ್ತೊಮ್ಮೆ ಓದಿದಳು.

"ಬರೋಬ್ಬರಿ ಹದಿನೇಳ್ರಿ."