ಹ್ಯಾಟಿ ವ್ರಾನಾಳ ತಪ್ಪಿದ ಹೊಡೆತಗಳು

ಆ ಹುಡುಗ ತನ್ನನ್ನೇ ಹಿಂಬಾಲಿಸುತ್ತಿದ್ದಾನೆ ಎಂಬುದು ಗಾಲ್ಫ್ ಮೈದಾನದ ನಾಲ್ಕನೆಯ ಕುಳಿಯ ಹತ್ತಿರ ಬರುವಷ್ಟರಲ್ಲಿ ಹ್ಯಾಟಿಗೆ ಖಾತ್ರಿಯಾಯಿತು.

ನೆಬ್ರಾಸ್ಕಾದ ಸಣ್ಣ ಊರುಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಎಲ್ಲರ ಕಣ್ಣೂ ಫುಟ್‌ಬಾಲ್ ಮೇಲೆ. ಹೈಸ್ಕೂಲ್ ಹುಡುಗಿಯರ ಗಾಲ್ಫ್ ನೋಡಲು ನಾಲ್ಕೈದು ಅಪ್ಪ ಅಮ್ಮಂದಿರು ಬಂದರೆ ಅದೇ ಹೆಚ್ಚು. ಈ ಹುಡುಗ ಮಾತ್ರ ಮೊದಲ ಕುಳಿಯಿಂದಲೂ ಜೊತೆಜೊತೆಗೇ ನಡೆದಿದ್ದ. ಅವಳು ಚೆಂಡು ಹೊಡೆದಾಗಲೆಲ್ಲ ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಏನೋ ಗೀಚುತ್ತಿದ್ದ.

ಆಟ ಮುಗಿದ ಮೇಲೆ ಹ್ಯಾಟಿ ನೇರ ಹೋಗಿ ಅವನೆದುರು ನಿಂತಳು.

"ಯಾವ ಸ್ಕೂಲಿನವರು ಕಳ್ಸಿದ್ದು ನಿನ್ನ?"

"ಯಾರೂ ಇಲ್ಲ. ನಾನು ನಿನ್ನ ಸ್ಕೂಲೇ. ಎಮೆಟ್ ಲುಂಡ್. ಕೆಮಿಸ್ಟ್ರಿ ಕ್ಲಾಸಲ್ಲಿ ನಿನ್ನ ಹಿಂದೇನೇ ಕೂರ್ತೀನಿ. ಎರಡು ವರ್ಷದಿಂದ."

ಅವಳ ಕೆನ್ನೆ ಬಿಸಿಯಾಯಿತು. "ಸರಿ, ಏನ್ ಬರೀತಿದ್ದೆ?"

"ನೀನು ತಪ್ಪಿದ್ದು."

"ಏನಂದೆ?"

"ಚೆನ್ನಾಗಿ ಹೊಡೆದಿದ್ದು ಎಲ್ಲರಿಗೂ ನೆನಪಿರುತ್ತೆ. ತಪ್ಪಿದ ಚೆಂಡು ಎಲ್ಲಿಗೆ ಹೋಯ್ತು, ಯಾಕೆ ಹೋಯ್ತು ಅಂತ ಯಾರೂ ಬರೆದಿಡಲ್ಲ. ನಂಗೆ ಅದೇ ಕುತೂಹಲ." ಅವನು ಪುಟ ತಿರುಗಿಸಿದ. "ಇವತ್ತು ಹನ್ನೊಂದು. ಎಂಟು ಎಡಕ್ಕೆ. ಆ ಎಂಟರಲ್ಲಿ ಆರು ಹೊಡೆಯುವಾಗ ನಿಮ್ಮಪ್ಪ ಮರದ ಹಿಂದೆ ಅಡಗಿ ನಿಂತಿದ್ರು."

"ನಮ್ಮಪ್ಪ ಅಡಗಿರಲಿಲ್ಲ!"

"ಆರಡಿ ನಾಲ್ಕಂಗುಲದ ಮನುಷ್ಯ, ಅಂಗೈ ಅಗಲದ ಮರ. ಅಡಗೋಕೆ ಟ್ರೈ ಅಂತೂ ಮಾಡ್ತಿದ್ರು."

ನಗಬಾರದೆಂದು ಹ್ಯಾಟಿ ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಅವನು ಅವಳ ತುಟಿಯನ್ನು ನೋಡಿ, ತಕ್ಷಣ ಆಕಾಶ ನೋಡಿದ.

ಆ ಸಂಜೆ ಊಟದ ಹೊತ್ತಿಗೆ ಅವಳು ಅಪ್ಪನಿಗೆ ಹೇಳಿದಳು. "ಅಪ್ಪಾ, ಮುಂದಿನ ಸಲ ಎದುರಿಗೇ ನಿಂತು ನೋಡು."

ಸ್ಕೂಲ್ ಬಸ್ ಓಡಿಸುವ ರಸ್ ವ್ರಾನಾ ಆಲೂಗಡ್ಡೆಯನ್ನು ಫೋರ್ಕಿನಲ್ಲೇ ಹಿಡಿದು ಹಾಗೇ ಕೂತುಬಿಟ್ಟ. "ನಾನಿದ್ರೆ ನಿಂಗೆ ಟೆನ್ಷನ್ ಆಗುತ್ತೆ ಅಂದ್ಕೊಂಡೆ ಕಣೇ."

"ಎಲ್ಲಿದೀಯ ಅಂತ ಹುಡುಕೋದೇ ನನಗೆ ಟೆನ್ಷನ್."

ಮುಂದಿನ ಪಂದ್ಯದಲ್ಲಿ ಅಪ್ಪ ಬಯಲಲ್ಲೇ ನಿಂತ. ಹ್ಯಾಟಿ ಹಿಂದಿನ ಸಲಕ್ಕಿಂತ ನಾಲ್ಕು ಹೊಡೆತ ಕಡಿಮೆಯಲ್ಲಿ ಮುಗಿಸಿದಳು. ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು.

ಅಲ್ಲಿಂದ ಎಮೆಟ್ ಅವಳ ಅಭ್ಯಾಸಕ್ಕೂ ಬರತೊಡಗಿದ. ಊರಿನ ಗಾಲ್ಫ್ ಮೈದಾನಕ್ಕೆ ಇದ್ದದ್ದು ಒಂಬತ್ತೇ ಕುಳಿ, ಬೇಲಿಯಾಚೆ ಜೋಳದ ಹೊಲ. ಉಳಿದ ಹುಡುಗಿಯರಿಗೆ ಖಾಸಗಿ ತರಬೇತುದಾರರಿದ್ದರು, ಚಳಿಗಾಲದಲ್ಲಿ ಅವರು ಅರಿಜೋನಾಕ್ಕೆ ಹೋಗಿ ಆಡುತ್ತಿದ್ದರು. ಹ್ಯಾಟಿ ನಲವತ್ತೊಂದು ಕಾಲೇಜುಗಳ ಕೋಚ್‌ಗಳಿಗೆ ಪತ್ರ ಬರೆದಿದ್ದಳು. ಮನಸ್ಸಿಟ್ಟು ಉತ್ತರಿಸಿದವರು ಒಬ್ಬರೇ, ಮಿನೆಸೋಟಾದ ಕೋಚ್ ಟಿಲ್‌ಮನ್. ಅವರ ತಂಡದಲ್ಲಿ ಸ್ಕಾಲರ್‌ಶಿಪ್ ಇರುವ ಒಂದೇ ಜಾಗ ಉಳಿದಿತ್ತು. ಆ ಸ್ಕಾಲರ್‌ಶಿಪ್ ಸಿಗದಿದ್ದರೆ ಆ ಕಾಲೇಜಿನ ಮಾತೇ ಇಲ್ಲ.

"ಮೊಣಕೈ ನೋಡ್ಬೇಡ, ಚೆಂಡು ನೋಡು," ಎಂದ ಎಮೆಟ್ ಒಂದು ದಿನ.

"ನೀನು ಏನು ನೋಡ್ತಿದೀಯ?"

"ನಾನಾ?" ಅವನ ಕಿವಿ ಕೆಂಪಾಯಿತು. "ಗಾಳಿ."

"ಗಾಳಿ ನನ್ನ ಮುಖದ ಮೇಲಿದ್ಯಾ?"

"ಸ್ವಲ್ಪ ಇದೆ," ಎಂದು ಅವನು ಬಗ್ಗಿ ಗಂಭೀರವಾಗಿ ಬರೆದುಕೊಂಡ.

ಅಕ್ಟೋಬರ್ ಮೊದಲ ವಾರ ಕೋಚ್ ಟಿಲ್‌ಮನ್ ಅವರ ಇಮೇಲ್ ಬಂತು. ವಿಡಿಯೊಗಳಲ್ಲಿ ಎಲ್ಲರೂ ಚಂದವಾಗಿಯೇ ಆಡುತ್ತಾರೆ, ನಿನ್ನ ಈ ಸೀಸನ್ನಿನ ನಿಜವಾದ ದಾಖಲೆ ಇದ್ದರೆ ಇವತ್ತೇ ಕಳಿಸು, ರಾಜ್ಯ ಪಂದ್ಯಕ್ಕೆ ನಾನೇ ಬರುತ್ತೇನೆ ಎಂದು ಬರೆದಿದ್ದರು.

ಹ್ಯಾಟಿ ಕಾರಿಡಾರಿನಲ್ಲಿ ಎಮೆಟ್‌ನನ್ನು ಅಡ್ಡಗಟ್ಟಿದಳು. "ನೋಟ್‌ಬುಕ್ ಕೊಡು."

ಅವನು ಕೊಟ್ಟ, ಆದರೆ ಒಂದು ತುದಿ ಬಿಡಲಿಲ್ಲ. "ಮೊದಲ ಇಪ್ಪತ್ತು ಪುಟ ಸಾಕು."

"ಮಿಕ್ಕಿದ್ದರಲ್ಲಿ ಏನಿದೆ?"

"ಅಕ್ಷರ ಚೆನ್ನಾಗಿಲ್ಲ."

"ಎಲ್ಲಾ ಪುಟದಲ್ಲೂ ನಿನ್ನ ಅಕ್ಷರ ಕೋಳಿ ಕಾಲೇ ಕಣೋ," ಎಂದು ಕಿತ್ತುಕೊಂಡು ಓಡಿದಳು.

ಗಂಟೆ ಹೊಡೆಯಲು ಮೂರು ನಿಮಿಷವಿತ್ತು. ಲೈಬ್ರರಿಯ ಕಿಟಕಿಯ ಬಳಿ ಒಂದೊಂದೇ ಪುಟ ತಿರುಗಿಸಿ ಫೋನಿನಲ್ಲಿ ಫೋಟೊ ತೆಗೆದಳು. ಎಣಿಸುವಷ್ಟು ಪುರುಸೊತ್ತಿರಲಿಲ್ಲ, ಓದುವಷ್ಟಂತೂ ಇರಲೇ ಇಲ್ಲ. ಎಲ್ಲವನ್ನೂ ಕಳಿಸಿ, ನೋಟ್‌ಬುಕ್ಕನ್ನು ಕೆಮಿಸ್ಟ್ರಿ ಕ್ಲಾಸಿನಲ್ಲಿ ಅವನ ಮೇಜಿನ ಮೇಲಿಟ್ಟಳು.

ರಾಜ್ಯ ಪಂದ್ಯದ ಎರಡು ದಿನವೂ ಗಾಳಿ ಜೋರಾಗಿತ್ತು. ಬೂದು ಕೂದಲಿನ ಕೋಚ್ ಟಿಲ್‌ಮನ್ ಮಡಚುವ ಸ್ಟೂಲು ಹೊತ್ತು, ಯಾರೊಡನೆಯೂ ಮಾತಾಡದೆ ನಡೆದರು. ಎರಡನೆಯ ದಿನ ಹದಿಮೂರನೆಯ ಕುಳಿಯಲ್ಲಿ ಹ್ಯಾಟಿಯ ಚೆಂಡು ಎರಡು ಸಲ ಕೆರೆಗೆ ಬಿತ್ತು. ನಾಲ್ಕು ಹೊಡೆತಕ್ಕೆ ಮುಗಿಯಬೇಕಾದ್ದು ಒಂಬತ್ತಾಯಿತು. ಮೆಡಲ್ ಇದ್ದದ್ದು ಹತ್ತು ಜನಕ್ಕೆ. ಅವಳು ಹನ್ನೊಂದನೆಯವಳು.

ಅವಳು ಬೆಂಚಿನಲ್ಲಿ ಕೂತು ಗ್ಲೌಸನ್ನು ಹಿಂಡುತ್ತಿದ್ದಾಗ ಕೋಚ್ ಬಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡರು.

"ಸಾರಿ ಮೇಡಂ," ಎಂದಳು ಹ್ಯಾಟಿ.

"ಯಾಕೆ? ನೀರಿಗೆ ಬಿದ್ದದ್ದು ನಿನ್ನ ಚೆಂಡು, ನಂದಲ್ಲ." ಅವರು ಫೋನ್ ತೆರೆದರು. "ಹದಿನೈದು ವರ್ಷದಿಂದ ಕೋಚ್ ಆಗಿದೀನಿ. ತಾನು ತಪ್ಪಿದ್ದನ್ನೆಲ್ಲ ತಾನೇ ಕಳಿಸಿದ ಹುಡುಗಿ ಯಾರೂ ಇರಲಿಲ್ಲ. ತಿಂಗಳ ಹಿಂದೆ ಎಡಕ್ಕೆ ಎಂಟು. ಇವತ್ತು ನಾನೇ ಎಣಿಸಿದೆ, ಎರಡು. ಅಂದ್ರೆ ನೀನು ಕಲಿಯೋಳು. ಸ್ಕಾಲರ್‌ಶಿಪ್ ನಿಂಗೇ. ಮನೇಲಿ ಮಾತಾಡಿ ಹೇಳು."

ಹ್ಯಾಟಿ ಗ್ಲೌಸನ್ನು ಕೆಳಗಿಟ್ಟು ಅವರತ್ತ ತಿರುಗಿದಳು.

"ಇನ್ನೊಂದು. ಇಪ್ಪತ್ತೊಂದನೇ ಪುಟದಿಂದ ಇರೋದು ಗಾಲ್ಫ್ ಅಲ್ಲ. ನೀನು ಓದಿದೀಯಾ?"

ಫೋನನ್ನು ಅವಳ ಕೈಗೆ ಕೊಟ್ಟು ಅವರು ಬೇರೆ ಕಡೆ ನೋಡುತ್ತಾ ಕೂತರು.

'ಹ್ಯಾಟಿ ಇವತ್ತು ಏಳು ಸಲ ನಕ್ಕಳು. ಎರಡು ನನ್ನ ಮಾತಿಗೆ.'

'ಕೂದಲು ಬಾಯಿಗೆ ಬಂದರೆ ಊದುತ್ತಾಳೆ, ಕೈಯಿಂದ ಸರಿಸುವುದಿಲ್ಲ. ಯಾಕಿರಬಹುದು?'

'ಮಿನೆಸೋಟಾ ಒಂಬತ್ತು ಗಂಟೆಯ ದಾರಿ. ಅವಳಿಗೆ ಸಿಗಲಿ. ಸಿಗದಿದ್ದರೆ ಒಳಗೊಳಗೇ ಖುಷಿಪಡುವವನು ನಾನಾಗಬಾರದು.'

ಕೊನೆಯದನ್ನು ಅವಳು ಮೂರು ಸಲ ಓದಿದಳು.

ಎಮೆಟ್ ಕಾರ್ ನಿಲ್ಲಿಸುವ ಜಾಗದಲ್ಲಿ ಅವಳಪ್ಪನ ಜೊತೆ ನಿಂತಿದ್ದ. ಅವಳು ಬರುವುದನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದ. "ಸಿಕ್ತಾ?"

"ಸಿಕ್ತು."

ಹ್ಯಾಟಿ ಅವನ ಮುಖವನ್ನೇ ನೋಡುತ್ತಿದ್ದಳು. ಮೊದಲು ಕಣ್ಣು, ಆಮೇಲೆ ಇಡೀ ಮುಖ ಅರಳಿತು. ಅದರಲ್ಲಿ ಎಲ್ಲೂ ಸುಳ್ಳಿರಲಿಲ್ಲ. ರಸ್ ಮಗಳನ್ನು ನೆಲದಿಂದ ಮೇಲೆತ್ತಿ ಇಳಿಸಿದ, ಕಣ್ಣೊರೆಸಿಕೊಂಡ. "ನಿಮ್ಮಮ್ಮಂಗೆ ಫೋನ್ ಮಾಡ್ಬೇಕು," ಎಂದು ದೂರ ಹೋದ.

"ಇಪ್ಪತ್ತೊಂದನೇ ಪುಟ," ಎಂದಳು ಹ್ಯಾಟಿ.

ಎಮೆಟ್ ಬೆಳ್ಳಗಾದ. "ಓದಿದ್ಯಾ?"

"ಕೋಚ್ ಮೊದಲು ಓದಿದ್ರು. ನಾನು ಈಗ."

"ಅಯ್ಯೋ ದೇವರೇ! ಎಲ್ಲಾ ಕಳಿಸಿಬಿಟ್ಯಾ?" ಅವನು ಟೋಪಿಯಿಂದ ಮುಖ ಮುಚ್ಚಿಕೊಂಡ. ಟೋಪಿಯ ಹಿಂದಿನಿಂದಲೇ ಮಾತು ಬಂತು. "ಬರೆದಿದ್ದೆಲ್ಲ ನಿಜ. ನೀನಂದ್ರೆ ನಂಗೆ ತುಂಬಾ ಇಷ್ಟ. ಆದ್ರೆ ನೀನು ಹೋಗ್ಬೇಕು ಹ್ಯಾಟಿ. ಅದೂ ನಿಜ."

"ಹೋಗ್ತೀನಿ. ಮುಂದಿನ ವರ್ಷ ಆಗಸ್ಟ್‌ಗೆ."

ಅವಳು ಟೋಪಿಯನ್ನು ಮೆಲ್ಲಗೆ ಇಳಿಸಿದಳು. ಇವನಿಗೆ ತನ್ನ ಬಗ್ಗೆ ಎಷ್ಟೊಂದು ಗೊತ್ತು. ತಾನೋ, ಇಷ್ಟು ದಿನ ಇವನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ನಾಚಿಕೆಯೆನಿಸಿತು. ಅದರ ಹಿಂದೆಯೇ ತಡೆಯಲಾಗದಂಥ ಕುತೂಹಲ.

"ನಿಮ್ಮನೇಲಿ ಯಾರ್ಯಾರಿದಾರೆ ಎಮೆಟ್?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಅಜ್ಜಿ. ನಾನು. ಒಂದು ಕುಂಟ ಹೆಬ್ಬಾತು."

"ಹೆಬ್ಬಾತಾ? ಮನೆ ಒಳಗಾ?"

"ಅಜ್ಜಿ ಕುರ್ಚಿ ಮೇಲೆ. ಅಜ್ಜಿನೇ ಸೋಫಾದಲ್ಲಿ ಕೂರ್ತಾರೆ."

"ಅದಕ್ಕೆ ಕಾಲು ಏನಾಯ್ತು?"

"ಅದು ದೊಡ್ಡ ಕಥೆ."

"ನಾನೇನು ಇವತ್ತೇ ಹೋಗ್ತಿದೀನಾ? ಹೇಳು," ಎಂದು ಹ್ಯಾಟಿ ಕಾರಿನ ಬಾನೆಟ್ಟಿಗೆ ಒರಗಿ, ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟಳು.

ಅವನು ಒರಗಿ ನಿಂತು, ಮೊದಮೊದಲು ತೊದಲುತ್ತಾ, ಆಮೇಲೆ ಕೈಯಾಡಿಸುತ್ತಾ ಹೇಳತೊಡಗಿದ. ಹೆಬ್ಬಾತು ನರಿಯನ್ನು ಅಟ್ಟಿಸಿಕೊಂಡು ಹೋದ ಘಟ್ಟಕ್ಕೆ ಬಂದಾಗ ಹ್ಯಾಟಿ ಗಾಳಿಯಲ್ಲಾಡುತ್ತಿದ್ದ ಆ ಕೈಯನ್ನು ಹಿಡಿದು, ತನ್ನ ಕೈಯೊಳಗಿಟ್ಟುಕೊಂಡಳು.

ಎಮೆಟ್‌ಗೆ ಕಥೆ ಎಲ್ಲಿಗೆ ಬಂದಿತ್ತೆಂಬುದೇ ಮರೆತುಹೋಯಿತು.

"ಆಮೇಲೆ?" ಎಂದಳು ಅವಳು.