ಭಾವನ ಮೆಡಿಕಲ್ ಸೀಟು

ಭಾವ ಸತ್ತ ಮೇಲೆ ತನ್ನ ದೇಹವನ್ನು ಯಾರಿಗೆ ಬೇಕಾದರೂ ಕೊಟ್ಟುಕೊಳ್ಳಲಿ, ಟೇಲರನಿಗೆ ಅದರಲ್ಲಿ ತಕರಾರಿರಲಿಲ್ಲ. ಜೊತೆಗೆ ಮನೆಯನ್ನೂ ಕೊಡುತ್ತೇನೆ ಅಂದಾಗ ಮಾತ್ರ ಅವನ ಕೈಯ ಕತ್ತರಿ ಬಟ್ಟೆಯ ಮಧ್ಯದಲ್ಲೇ ನಿಂತಿತು.

"ಹುಡುಗೀರ ಹಾಸ್ಟೆಲ್ ಆಗ್ಲಿ ಕಣೋ," ಅಂದರು ಭಾವ, ಅಂಗಡಿಯ ಬಾಗಿಲಿಗೆ ಒರಗಿ ಚಹಾ ಊದಿಕೊಳ್ಳುತ್ತ. "ನನ್ನ ದೇಹ ಯಾವ ಕಾಲೇಜಿಗೋ ಮನೇನೂ ಆ ಕಾಲೇಜಿಗೇ. ಡಾಕ್ಟರಾಗೋ ಮಕ್ಕಳು ಇಲ್ಲಿ ಕೂತು ಓದ್ಕೊಳ್ಳಲಿ. ನಿಮ್ಮಕ್ಕ ಇದ್ದಿದ್ರೆ ಬೇಡ ಅಂತಿದ್ಲಾ?"

ಖಂಡಿತ ಅನ್ನುತ್ತಿದ್ದಳು. ಸಾಯುವ ಮುಂಚೆ ಅವಳೇ ಹಟ ಹಿಡಿದು, ನಿಮ್ಮ ನಂತರ ಮನೆ ನನ್ನ ತಮ್ಮನಿಗೆ ಎಂದು ಗಂಡನಿಂದ ಉಯಿಲು ಬರೆಸಿದ್ದಳು. ಮುಂದಿನ ಕೋಣೆಯಲ್ಲಿ ತಮ್ಮನ ಹೊಲಿಗೆ ಅಂಗಡಿ, ಹಿಂದಿನ ಎರಡು ಕೋಣೆಗಳಲ್ಲಿ ಅವನ ಸಂಸಾರ. ಅಕ್ಕ ಹೋದ ಮೇಲೆ ಭಾವನ ಮಾತ್ರೆ, ಊಟ, ಕಾಲುನೋವಿಗೆ ಎಣ್ಣೆ ಎಲ್ಲ ಅವನ ಪಾಲಿಗೇ ಬಂದಿತ್ತು. ಈಗ ಊರಿಗೆ ಹೋಗಿರುವ ವಕೀಲ ವಾಪಸು ಬಂದ ಕೂಡಲೇ ಭಾವ ಆ ಉಯಿಲನ್ನು ಬದಲಿಸುವವರಿದ್ದರು.

"ನಿನಗೇನೋ, ಎಲ್ಲಾದ್ರೂ ಒಂದು ಅಂಗಡಿ ಹಾಕ್ಕೋತೀಯ. ಕೈಯಲ್ಲಿ ಕಸುಬಿದೆ," ಅಂದು ಭಾವ ಖಾಲಿ ಲೋಟವನ್ನು ಅವನ ಮಶೀನಿನ ಮೇಲೇ ಇಟ್ಟು ಒಳಗೆ ಹೋದರು. ಆ ಲೋಟವನ್ನು ತೊಳೆಯುವವನೂ ತಾನೇ ಎಂಬುದು ಟೇಲರನ ಹೊಟ್ಟೆ ಉರಿಸಿತು.

ಅಂದಿನಿಂದ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮಶೀನು ತುಳಿದರೆ ದಾರ ಕಡಿಯುತ್ತಿತ್ತು. ಎದ್ದರೆ ಬಾಗಿಲವರೆಗೆ ಹೋಗಿ, ಬೀದಿಯನ್ನು ನೋಡಿ, ಯಾಕೆ ಬಂದೆನೆಂದು ತಿಳಿಯದೆ ವಾಪಸಾಗುತ್ತಿದ್ದ. ಎಡತೋಳನ್ನು ಬಲಕ್ಕೆ ಕೂರಿಸಿ ಒಳ್ಳೆಯ ಕೋಟೊಂದನ್ನು ಕೆಡಿಸಿದ. "ಮೈಮೇಲೆ ಯಾರಾದ್ರೂ ಇರುವೆ ಬಿಟ್ಟಿದ್ದಾರಾ ನಿಮಗೆ?" ಅಂದಳು ಹೆಂಡತಿ. ಅವನು ಬಿಚ್ಚಿದ ತೋಳನ್ನು ಮತ್ತೆ ತಪ್ಪಾಗಿಯೇ ಹಿಡಿದುಕೊಂಡಿದ್ದ.

ಕೊಲ್ಲುವುದು ಕಷ್ಟವೆಂದು ಅವನಿಗೆ ಅನ್ನಿಸಲೇ ಇಲ್ಲ. ಭಾವನ ಹೃದಯ ಸೋತಿತ್ತು. ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಹೋದ ತಿಂಗಳೇ ಅವನನ್ನು ಪಕ್ಕಕ್ಕೆ ಕರೆದು, ಯಾವಾಗ ಬೇಕಾದರೂ ಆಗಬಹುದು ಅಂದಿದ್ದರು. ಯಾವಾಗ ಬೇಕಾದರೂ ಆಗುವಂಥದ್ದು ವಕೀಲ ಬರುವ ಮೊದಲೇ ಆದರೆ ಬೆರಗಾಗುವವರು ಯಾರು? ಕಷ್ಟವಿದ್ದದ್ದು ಆಮೇಲಿನದರಲ್ಲಿ. ದೂರದ ನೆಂಟರು ಬರುವ ತನಕ ದೇಹ ನಡುಮನೆಯಲ್ಲಿ ಮಲಗಿರುತ್ತದೆ. ಬಂದವರೆಲ್ಲ ಬಗ್ಗಿ ಬಗ್ಗಿ ಮುಖ ನೋಡುತ್ತಾರೆ. ಹೆಣದ ಮುಂದೆ ಕೂತವರಿಗೆ ನೋಡುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುತ್ತಾರೆ. ಇಲ್ಲಿ ಹಾವು ಸಾಯಲೇಬೇಕಿತ್ತು, ಕೋಲು ಮಾತ್ರ ಯಾರ ಕಣ್ಣಿಗೂ ಬೀಳಬಾರದಿತ್ತು.

ದಾರಿ ತೋರಿಸಿದವರು ಭಾವನೇ. ದೇಹದಾನವೆಂದರೆ ಕಾಲೇಜಿನ ವ್ಯಾನು ನೆಂಟರಿಗಿಂತ ಮೊದಲು ಬರುತ್ತದೆ. ಕೊಳೆಯದಿರಲೆಂದು ನರನರಕ್ಕೂ ಮದ್ದು ತುಂಬಿ, ತೊಟ್ಟಿಯಲ್ಲಿ ಮುಳುಗಿಸಿ, ಆಮೇಲೆ ಹುಡುಗರ ಕೈಗೆ ಕೊಡುತ್ತಾರೆ. ಅವರು ವರ್ಷಪೂರ್ತಿ ಕೊಯ್ದು ಕೊಯ್ದು ಏನೂ ಉಳಿಸುವುದಿಲ್ಲ. ಅಷ್ಟಾದ ಮೇಲೆ ಮನೆಯವರಿಗೆ ಧನ್ಯವಾದ ಬೇರೆ ಹೇಳುತ್ತಾರೆ! ಟೇಲರ್ ಇದನ್ನು ಯೋಚಿಸಿ, ಆ ವಾರದಲ್ಲಿ ಮೊದಲ ಸಲ ಒಂದು ಗುಂಡಿಯನ್ನು ನೆಟ್ಟಗೆ ಹೊಲಿದ.

ಆದರೆ ಊರಿನಲ್ಲಿ ಎರಡು ಮೆಡಿಕಲ್ ಕಾಲೇಜುಗಳಿದ್ದವು, ಭಾವನಿಗೆ ಯಾವುದೆಂದು ತೀರ್ಮಾನವಾಗಿರಲಿಲ್ಲ. ಓದುವ ಕಾಲದಲ್ಲಿ ಹಳೇ ಕಾಲೇಜಿನಲ್ಲಿ ಅವರಿಗೆ ಸೀಟು ಸಿಕ್ಕಿರಲಿಲ್ಲ. ಆ ನೋವಿನಲ್ಲೇ ಜೀವಶಾಸ್ತ್ರದ ಮೇಷ್ಟ್ರಾಗಿ ಜನ್ಮ ಕಳೆದಿದ್ದರು. "ಆಗ ಒಬ್ಬರೂ ಒಳಗೆ ಬಿಡ್ಲಿಲ್ಲ. ಈಗ ನೋಡು, ಇಬ್ಬರೂ ಬನ್ನಿ ಬನ್ನಿ ಅಂತಾರೆ," ಎಂದು ನಕ್ಕರು. ಮಗನನ್ನು ಸೇರಿಸಲು ಹೊರಟ ತಂದೆಯ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಮೈದನನ್ನು ಕರೆದುಕೊಂಡು ಎರಡೂ ಕಡೆ ಹೋಗಿ ಬಂದರು.

ಹಳೇ ಕಾಲೇಜಿನ ಕಾರಿಡಾರಿನಲ್ಲಿ ಕಣ್ಣು ಉರಿಸುವ ಮದ್ದಿನ ವಾಸನೆ. ಅಂಗರಚನಾ ವಿಭಾಗದ ಮುಖ್ಯಸ್ಥ ಎದ್ದು ಬಂದು ಭಾವನ ಕಾಲು ಮುಟ್ಟಿದ. ಅವರ ಶಿಷ್ಯನಂತೆ. "ನಮ್ಮಲ್ಲಿ ದೇಹಗಳಿಗೆ ಕೊರತೆಯಿಲ್ಲ ಸಾರ್. ಆದ್ರೆ ನಿಮ್ಮದು ಬೇರೆ. ಆ ದಿನ ನಾನೇ ಬಂದು ಕರ್ಕೊಂಡು ಹೋಗ್ತೀನಿ," ಅಂದ. ಆ ದಿನ ಬಂದು ಮೇಷ್ಟ್ರ ಮುಖವನ್ನು ಇವನು ಕಣ್ತುಂಬ ನೋಡುತ್ತಾನೆ, ಸತ್ತವರನ್ನು ನೋಡುವುದೇ ಇವನ ದಿನನಿತ್ಯದ ಕೆಲಸ.

ಹೊಸ ಕಾಲೇಜು ಊರಾಚೆ, ಇನ್ನೂ ಬಣ್ಣದ ಹಸಿ ಆರದ ಕಟ್ಟಡ. ಅಲ್ಲಿನ ಮೇಡಂ ಮುಚ್ಚುಮರೆಯಿಲ್ಲದ ಹೆಂಗಸು. "ನಮಗೆ ಕಷ್ಟ ಇದೆ. ಇಡೀ ಬ್ಯಾಚಿಗೆ ಎರಡೇ ದೇಹ. ಫೋನ್ ಮಾಡಿದ್ರೆ ಅರ್ಧ ಗಂಟೇಲಿ ವ್ಯಾನ್ ಕಳಿಸ್ತೀವಿ," ಅಂದರು. ಗುರುತಿಲ್ಲ, ಪರಿಚಯವಿಲ್ಲ, ಶಿಷ್ಯರಿಲ್ಲ. ಹಸಿವು ರುಚಿ ಅರಿಯದು ಎಂದುಕೊಂಡ ಟೇಲರ್. ಇಷ್ಟು ಹಸಿದವರು ಎಲೆಗೆ ಬಿದ್ದದ್ದನ್ನು ತಿರುವಿ ನೋಡುವುದಿಲ್ಲ.

ಭಾವನ ಮನಸ್ಸು ಮಾತ್ರ ಹಳೇ ಕಾಲೇಜಿನ ಕಡೆಗೇ ವಾಲಿತ್ತು. "ಆಗ ಹಾಕಿದ ಬಾಗಿಲು ಈಗಲಾದ್ರೂ ತೆಗೀಲಿ ಅಂತ ಆಸೆ ಕಣೋ," ಅಂದಾಗ ಅವರ ದನಿ ಸ್ವಲ್ಪ ಒಡೆಯಿತು.

ಟೇಲರನಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿದ್ದು ನಿಜ. ಅದನ್ನು ನುಂಗಿಕೊಂಡು ಅವನು ಮೆತ್ತಗೆ ಕೆಲಸ ಶುರು ಮಾಡಿದ. "ಅಲ್ಲ ಭಾವ, ನಿಮ್ಮ ಶಿಷ್ಯ ನಿಮಗೆ ಚಾಕು ಹಾಕ್ತಾನಾ? ಕೈ ನಡುಗುತ್ತೆ ಅವನಿಗೆ. ಮೂಲೇಲಿ ಮಲಗಿಸಿ ಕೈ ಮುಗೀತಾನೆ, ಅಷ್ಟೇ. ಅಲ್ಲಿ ನೀವು ಗುಂಪಲ್ಲಿ ಗೋವಿಂದ. ಹೊಸ ಕಾಲೇಜಲ್ಲಿ ಮಕ್ಕಳು ಕಾಯ್ತಾ ಇದ್ದಾರೆ." ಮಾರನೆಯ ದಿನ ಎಣ್ಣೆ ಹಚ್ಚುವಾಗ ಮತ್ತೆ ಅದೇ ಮಾತು. ಊಟ ಬಡಿಸುವಾಗ ಮತ್ತೆ. ಮೇಷ್ಟ್ರ ಮರ್ಮ ಅವನಿಗೆ ಗೊತ್ತಿತ್ತು: ಯಾವ ಪಾಠದ ಉಪಯೋಗಕ್ಕೂ ಬಾರದೆ ಸುಮ್ಮನೆ ಬಿದ್ದಿರುವುದನ್ನು ಅವರು ಸಹಿಸಲಾರರು. ಕೊನೆಗೆ ಭಾವ ತಲೆಯಾಡಿಸಿದರು. "ಸರಿ ಬಿಡು. ಆ ಕಾಲೇಜಿಗೂ ನನಗೂ ಋಣವಿಲ್ಲ." ಮರುದಿನವೇ ಹೊಸ ಕಾಲೇಜಿಗೆ ಹೋಗಿ ಒಪ್ಪಿಗೆ ಬರೆದುಕೊಟ್ಟು ಬಂದರು. ಮನೆಯ ವಿಷಯ ವಕೀಲ ಬಂದ ಮೇಲೆ.

ವಕೀಲ ನಾಳೆ ಬರುತ್ತಾನೆಂದು ಗೊತ್ತಾದ ದಿನ ಟೇಲರ್ ಹೆಂಡತಿಯನ್ನು ತವರಿಗೆ ಕಳಿಸಿದ. ಮಧ್ಯಾಹ್ನ ಊಟವಾದ ಮೇಲೆ ಭಾವ ಎಂದಿನಂತೆ ಮಲಗಿದರು. ಅಂಗಡಿಯ ಷಟರನ್ನು ಅರ್ಧ ಇಳಿಸಿ, ಅವನು ಒಳಕೋಣೆಗೆ ಹೋದ. ತಲೆದಿಂಬು ಒತ್ತಿದಾಗ ಮುದುಕರು ಎಣಿಸಿದ್ದಕ್ಕಿಂತ ಜೋರಾಗಿ ಒದ್ದಾಡಿದರು. ಅವನು ಮಂಚದ ಮೇಲೇರಿ ಅವರ ಎದೆಯ ಮೇಲೆ ಮೈಭಾರವನ್ನೆಲ್ಲ ಬಿಡಬೇಕಾಯಿತು. ಆಮೇಲೆ ದಿಂಬನ್ನು ತಲೆಯ ಕೆಳಗೆ ಇಟ್ಟ, ಹೊದಿಕೆ ಸರಿಮಾಡಿದ, ಕೂದಲು ಬಾಚಿದ. ಷಟರು ಎತ್ತಿ, ಟ್ರಯಲ್ ನೋಡಲು ಬಂದ ಗಿರಾಕಿಯೊಬ್ಬನ ಪ್ಯಾಂಟಿನ ಸೊಂಟವನ್ನು ನಗುನಗುತ್ತ ಸಡಿಲಿಸಿಕೊಟ್ಟ. ಸಂಜೆಯ ಚಹಾ ಹಿಡಿದು ಭಾವನನ್ನು ಎಬ್ಬಿಸಲು ಹೋದದ್ದೂ ಕೂಗಿಕೊಂಡದ್ದೂ ಅದಾದ ಮೇಲೆ.

ಕ್ಲಿನಿಕ್ಕಿನ ಡಾಕ್ಟರು ಮಣಿಕಟ್ಟು ಹಿಡಿದು, ಬಿಟ್ಟು, "ನಿದ್ದೇಲೇ ಹೋಗಿದ್ದಾರೆ, ಪುಣ್ಯವಂತರು," ಅಂದು ಬರೆದುಕೊಟ್ಟರು. ವ್ಯಾನು ಹೇಳಿದ ಹೊತ್ತಿಗೇ ಬಂತು. ನೆಂಟರು ಬಂದಾಗ ನಡುಮನೆಯಲ್ಲಿ ನೋಡಲು ಏನೂ ಇರಲಿಲ್ಲ. "ಭಾವನ ಆಸೆ, ಹೇಗೆ ಮೀರಲಿ?" ಎಂದು ಟೇಲರ್ ಅತ್ತ. ಸ್ವಲ್ಪ ನಿಜವಾಗಿಯೂ ಅತ್ತ, ಅದು ಅವನಿಗೇ ಆಶ್ಚರ್ಯವಾಯಿತು.

ವಾರ ತುಂಬುವ ಮೊದಲೇ ಅವನು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯತೊಡಗಿದ್ದ. ಭಾವನ ಕೋಣೆಯ ಗೋಡೆ ಒಡೆಸಿದರೆ ಕಟಿಂಗ್ ಟೇಬಲ್ಲು ಎಲ್ಲಿ ಬರುತ್ತದೆಂದು ಟೇಪು ಹಿಡಿದು ಅಳೆಯುತ್ತಿದ್ದಾಗ ಹೊಸ ಕಾಲೇಜಿನ ಮೇಡಂ ಬಂದರು. ಜೊತೆಗೆ ದಪ್ಪ ಮೀಸೆಯ ಒಬ್ಬ ಮನುಷ್ಯ. ಟೇಲರ್ ಅಭ್ಯಾಸಬಲದಿಂದ ಅವನ ಎದೆಯನ್ನು ಕಣ್ಣಲ್ಲೇ ಅಳೆದ. ಧನ್ಯವಾದ ಹೇಳಲು ಬಂದಿರಬೇಕೆಂದು ಇಬ್ಬರಿಗೂ ಕುರ್ಚಿ ಒರೆಸಿ ಕೊಟ್ಟ.

"ಒಂದು ಸಣ್ಣ ವಿಷಯ ಕೇಳಬೇಕಿತ್ತು," ಅಂದರು ಮೇಡಂ. "ಅವರು ಏಳದೇ ಇದ್ದಾಗ ಬದುಕಿಸೋಣ ಅಂತ ಯಾರಾದ್ರೂ ಎದೆ ಒತ್ತಿದ್ರಾ? ಅಥವಾ ಅವರು ಎಲ್ಲಾದ್ರೂ ಬಿದ್ದಿದ್ರಾ?"

ಈ ಉತ್ತರವನ್ನು ಅವನು ಎಷ್ಟು ಸಲ ಬಾಯಿಪಾಠ ಮಾಡಿದ್ದನೋ! "ಇಲ್ಲ ಮೇಡಂ. ಬಿದ್ದಿಲ್ಲ, ಏನಿಲ್ಲ. ಮಲಗಿದವರು ಮಲಗಿದ ಹಾಗೇ ಇದ್ರು. ಡಾಕ್ಟರು ಕೂಡ ಬರೀ ಕೈ ಹಿಡಿದು ನೋಡಿದ್ದು. ಬೇರೆ ಯಾರೂ ಮುಟ್ಟಿಲ್ಲ."

ಮೇಡಂ ಪಕ್ಕದ ಮನುಷ್ಯನ ಕಡೆ ನೋಡಿದರು. ಅವನು ಎದ್ದು ಹೋಗಿ, ತಾನಾಗಿಯೇ ಅಂಗಡಿಯ ಷಟರು ಇಳಿಸಿದ, ಅವನು ಪೊಲೀಸಿನವನು. "ಹಳೇ ಕಾಲೇಜಿಗೆ ಕೊಟ್ಟಿದ್ರೆ ಅವತ್ತೇ ಮದ್ದು ತುಂಬಿ ತೊಟ್ಟಿಗೆ ಇಳಿಸ್ತಿದ್ರು, ಅಲ್ಲಿ ದೇಹಗಳು ಬೇಕಾದಷ್ಟಿವೆ," ಅಂದರು ಮೇಡಂ, ಕ್ಲಾಸಿನಲ್ಲಿ ವಿವರಿಸುವ ದನಿಯಲ್ಲಿ. "ನಮ್ಮಲ್ಲಿ ಕಮ್ಮಿ ನೋಡಿ. ಒಂದು ಸಲ ಕೊಯ್ದ ಮೇಲೆ ಮುಂದಿನ ಬ್ಯಾಚಿಗೆ ತೋರಿಸೋಕೆ ಏನೂ ಉಳಿಯಲ್ಲ. ಅದಕ್ಕೇ ಬಂದ ದೇಹನ ಚಾಕು ಮುಟ್ಟಿಸೋ ಮೊದಲು ತಲೆಯಿಂದ ಕಾಲಿನ ತನಕ ಸ್ಕ್ಯಾನ್ ಮಾಡಿ ಇಟ್ಕೋತೀವಿ. ನಿಮ್ಮ ಭಾವನವರ ಪಕ್ಕೆಲುಬು ಮುರಿದಿವೆ, ಎರಡೂ ಕಡೆ, ತೀರಾ ಹೊಸ ಮುರಿತ." ಟೇಲರ್ ಕೈಯಲ್ಲಿದ್ದ ಟೇಪನ್ನು ಸುತ್ತತೊಡಗಿದ. ಬಟ್ಟೆ ಕಮ್ಮಿ ಇದ್ದವನೇ ಕತ್ತರಿ ಹಾಕುವ ಮುಂಚೆ ಎರಡು ಸಲ ಅಳೆಯುತ್ತಾನೆ. ಹೊಲಿಗೆ ಕಲಿಯಲು ಬಂದ ಪ್ರತಿಯೊಬ್ಬನಿಗೂ ಮೊದಲ ದಿನವೇ ಅವನು ಹೇಳಿಕೊಡುತ್ತಿದ್ದ ಮಾತು ಅದು.