ಮೂರನೆಯ ಬಾಟಲಿ

“ಅಜ್ಜೀ, ಇಪ್ಪತ್ತಮೂರು! ಮಲಗೋ ಮುಂಚೆ ಮೂವತ್ತಿತ್ತು!”

ಬೃಂದಾ ಗಾಜಿನ ತೊಟ್ಟಿಗೆ ಮೂಗು ಒತ್ತಿ ನಿಂತಿದ್ದಳು. ಒಳಗೆ ಅಂಟಿಸಿದ್ದ ಥರ್ಮಾಮೀಟರನ್ನು ಮತ್ತೆ ನೋಡಿದಳು. ಕಿತ್ತಳೆ ಬಣ್ಣದ ಮೀನುಗಳೆರಡೂ ಮೂಲೆ ಹಿಡಿದಿದ್ದವು. ಬೆರಳು ಬೆರಳಾಗಿ ಅರಳಿ ತೂಗಾಡುತ್ತಿದ್ದ ಹಸಿರು ಹವಳ ಈಗ ಮುದುಡಿ, ಒಣಗಿದ ನೆಲ್ಲಿಕಾಯಿಯ ಹಾಗೆ ಕಾಣುತ್ತಿತ್ತು.

ಅದು ಅಪ್ಪನ ಹವಳ, ಜೀವವಿರುವ ಸಮುದ್ರದ ಪ್ರಾಣಿ. ಹೌಜ್ ಖಾಸ್ ಬಡಾವಣೆಯ ಸ್ನೇಹಿತರೊಬ್ಬರು ಊರು ಬಿಡುವಾಗ ಉಪ್ಪುನೀರಿನ ತೊಟ್ಟಿಯ ಸಮೇತ ಕೊಟ್ಟದ್ದು. ಅಪ್ಪನಿಗೆ ಗುವಾಹಟಿಗೆ ವರ್ಗವಾದಾಗ ಅದು ಲೋಧಿ ಕಾಲೋನಿಯ ಈ ಕ್ವಾರ್ಟರ್ಸಿನಲ್ಲೇ ಉಳಿಯಿತು. “ನೀರು ಇಪ್ಪತ್ತಾರರ ಆಸುಪಾಸಿನಲ್ಲಿರಲಿ, ಅಷ್ಟೇ. ದಸರೆಗೆ ಬಂದಾಗ ಇದು ನನ್ನ ಗುರುತು ಹಿಡೀಬೇಕು” ಎಂದು ನಗುತ್ತ ಹೇಳಿ ಹೋಗಿದ್ದ.

ಹೇಳುವುದು ಸುಲಭ. ಜುಲೈ ತಿಂಗಳ ದೆಹಲಿ. ಮಳೆ ಬರುವುದಿಲ್ಲ, ಸೆಖೆ ಹೋಗುವುದಿಲ್ಲ. ದಿನಾ ಮಧ್ಯಾಹ್ನ ಕರೆಂಟು ಹೋಗುತ್ತದೆ. ನೀರಿನ ಮೇಲೆ ಬೀಸುವ ಪುಟ್ಟ ಫ್ಯಾನು ನಿಲ್ಲುತ್ತದೆ. ಬ್ಯಾಟರಿಯ ಗಾಳಿ ಪಂಪು ಮಾತ್ರ ಗುಳುಗುಳು ಎನ್ನುತ್ತಿರುತ್ತದೆ. ಆಗ ಫ್ರೀಜರಿನಿಂದ ಮಂಜುಗಟ್ಟಿದ ಬಾಟಲಿ ತೆಗೆದು, ಮುಚ್ಚಳ ಬಿಗಿಮಾಡಿ, ತೊಟ್ಟಿಯಲ್ಲಿ ತೇಲಿಬಿಡಬೇಕು. ಒಂದೇ ಒಂದು.

“ನಾನು ಒಂದೇ ಹಾಕಿದ್ದೆ” ಎನ್ನುತ್ತ ಬೃಂದಾ ಕಲ್ಲಿನ ಹಿಂದೆ ಕೈಹಾಕಿದಳು. ಅವಳ ಬಾಟಲಿ ಸಿಕ್ಕಿತು. ಪಕ್ಕದಲ್ಲೇ ಇನ್ನೊಂದು!

ಅಜ್ಜಿ ಸೆರಗಿನಿಂದ ಕತ್ತು ಒರೆಸಿಕೊಂಡಳು. “ಅದು ನಾನು ಹಾಕಿದ್ದು ಕಣೇ. ನೀನು ಉಂಡವಳೇ ಯೂನಿಫಾರ್ಮಿನಲ್ಲೇ ನೆಲದ ಮೇಲೆ ನಿದ್ದೆ ಹೋದೆ. ಎಬ್ಬಿಸೋಕೆ ಮನಸ್ಸು ಬರಲಿಲ್ಲ.”

“ಕ್ಯಾ ಅಜ್ಜಿ! ಒಳಗೆ ಇದೆಯಾ ಅಂತ ನೋಡಬೇಕಲ್ವಾ?”

“ನನ್ನ ಕನ್ನಡಕಕ್ಕೆ ಅನ್ನದೊಳಗಿನ ಕಲ್ಲೇ ಕಾಣಲ್ಲ, ಕಲ್ಲಿನ ಹಿಂದಿನ ಬಾಟಲಿ ಕಾಣುತ್ತಾ? ಹಾಕಿದೀನಿ ಅಂತ ನೀನಾದ್ರೂ ಹೇಳಬೇಕಿತ್ತು.”

ಫಿಲ್ಟರಿನ ಹಿಂದೆ ಅವಳ ಕೈಗೆ ಮತ್ತೇನೋ ತಾಗಿತು. ಮೂರನೆಯ ಬಾಟಲಿ. ಹಸಿರು ಮುಚ್ಚಳದ್ದು.

“ಇದು ಅಮ್ಮಂದು!”

ಅಮ್ಮ ದಿನಾ ಈ ಬಾಟಲಿಯನ್ನು ಮಂಜುಗಟ್ಟಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಆಫೀಸಿಗೆ ಒಯ್ಯುತ್ತಿದ್ದಳು. ಇವತ್ತು ಬೆಳಿಗ್ಗೆಯೂ ಬ್ಯಾಗಿಗೆ ಹಾಕಿಕೊಂಡದ್ದನ್ನು ಬೃಂದಾ ನೋಡಿದ್ದಳು.

“ಇದಕ್ಕೆ ಕಾಲು ಬಂತಾ?”

“ನೀನು ಸ್ಕೂಲಿಂದ ಬರೋ ಮುಂಚೆ ನಾನು ಸ್ವಲ್ಪ ಹೊತ್ತು ಕೆಳಗೆ ಚೋಂದಮ್ಮನವರ ಮನೆಗೆ ಹೋಗಿದ್ದೆ. ಆಗ ಯಾರು ಬಂದಿದ್ರೋ, ದೇವರೇ ಬಲ್ಲ” ಎಂದಳು ಅಜ್ಜಿ. “ಒಂದು ಚೊಂಬು ಬಿಸಿನೀರು ಸುರಿದುಬಿಡೋಣ್ವಾ?”

“ಬೇಡ, ಬೇಡ! ಅಪ್ಪನ್ನ ಕೇಳೋಣ.”

ಫೋನಿನಲ್ಲಿ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಕೇಳಿದ: “ಬಾಟಲಿಗಳನ್ನೆಲ್ಲ ತೆಗೆದ್ಯಾ?”

“ತೆಗೆದೆ. ಹವಳ ಸತ್ತುಹೋಗುತ್ತಾ ಅಪ್ಪ?”

“ಗೊತ್ತಿಲ್ಲ ಮರೀ. ಬಿಸಿನೀರು ಮಾತ್ರ ಸುರೀಬೇಡಿ. ಒಮ್ಮೆಲೇ ಹಾಗೆ, ಒಮ್ಮೆಲೇ ಹೀಗೆ ಆದ್ರೆ ಅದಕ್ಕೆ ತಡೆಯೋಕಾಗಲ್ಲ. ತಾನಾಗಿ ನಿಧಾನಕ್ಕೆ ಏರಲಿ.”

“ಅಲ್ಲೀತನಕ ನಾನೇನು ಮಾಡ್ಲಿ?”

“ಏನೂ ಮಾಡಬೇಡ.”

ಏನೂ ಮಾಡದಿರುವುದು ಇಷ್ಟು ಕಷ್ಟವೆಂದು ಬೃಂದಾಗೆ ಗೊತ್ತಿರಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ತೊಟ್ಟಿಯ ಎದುರು ಕೂತಳು. ಬೆವರು ಕಿವಿಯ ಹಿಂದಿನಿಂದ ಇಳಿಯಿತು.

“ಲೈಟ್ ಆ ಗಯೀ!” ಬೀದಿಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ತಲೆಯ ಮೇಲಿನ ಫ್ಯಾನು ತಿರುಗಿತು. ನೀರು ತಣ್ಣಗಾದರೆ ತಾನಾಗಿ ಶುರುವಾಗುವ ತೊಟ್ಟಿಯ ಹೀಟರಿನ ಕೆಂಪು ದೀಪವೂ ಹೊತ್ತಿತು.

“ಜುಲೈನಲ್ಲಿ ಹೀಟರು! ಈ ಊರಲ್ಲಿ ಚಳಿ ಆಗ್ತಿರೋದು ಇವಕ್ಕೆ ಮಾತ್ರ” ಎಂದಳು ಅಜ್ಜಿ. ಬೃಂದಾಗೆ ನಗು ಬರಲಿಲ್ಲ.

ಸಂಜೆ ಅಮ್ಮ ಬಂದಾಗ ಮೂರು ಬಾಟಲಿಗಳೂ ಮೇಜಿನ ಮೇಲೆ ಸಾಲಾಗಿದ್ದವು. ಅಮ್ಮ ಅವನ್ನು ನೋಡಿದಳು, ಹವಳವನ್ನು ನೋಡಿದಳು, ಬ್ಯಾಗನ್ನೂ ಇಳಿಸದೆ ಕುರ್ಚಿಯಲ್ಲಿ ಕುಸಿದಳು.

“ಲಂಚ್ ಟೈಮಲ್ಲಿ ಆಟೋ ಹಿಡಿದು ಬಂದಿದ್ದೆ. ನೀರು ಬಿಸಿಯಾಗಿತ್ತು. ಫ್ರೀಜರಿಂದು ನಿಮಗಿರಲಿ ಅಂತ ನನ್ನದನ್ನೇ ಹಾಕಿದೆ. ಸ್ಕೂಲಿಂದ ಸುಸ್ತಾಗಿ ಬರ್ತೀಯ, ನೀನು ನಿಶ್ಚಿಂತೆಯಾಗಿರು ಅಂತ...”

“ಹಾಗಾದ್ರೆ ಮಧ್ಯಾಹ್ನ ನೀನು ಏನು ಕುಡಿದೆ?” ಎಂದಳು ಅಜ್ಜಿ.

ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

ಬೃಂದಾಳ ಕೈಯಲ್ಲಿ ಗಣಿತದ ಟೆಸ್ಟ್ ಪೇಪರಿತ್ತು. ಇಪ್ಪತ್ತಕ್ಕೆ ಒಂಬತ್ತು. ನಾಳೆ ಅಮ್ಮನ ಸೈನ್ ಬೇಕು. ದಿನಾ ಅಮ್ಮ ಚಪ್ಪಲಿ ಬಿಡುವ ಮೊದಲೇ ಬೃಂದಾಳ ಮಾತು ಶುರುವಾಗುತ್ತಿತ್ತು. ಅಡುಗೆಮನೆಯಿಂದ ಅಜ್ಜಿಯದೂ.

ಮುದುಡಿಕೊಂಡು ಕೂತಿದ್ದ ಅಮ್ಮನನ್ನೇ ಬೃಂದಾ ನೋಡಿದಳು. ಪೇಪರನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಫ್ಯಾನಿನ ರೆಗ್ಯುಲೇಟರನ್ನು ಒಂದು ನಂಬರ್ ಮಾತ್ರ ಏರಿಸಿದಳು. ಏನೋ ಹೇಳಲು ಬಂದ ಅಜ್ಜಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅಜ್ಜಿ ನೀರಿನ ಲೋಟವನ್ನು ಸದ್ದಿಲ್ಲದೆ ಅಮ್ಮನ ಪಕ್ಕದಲ್ಲಿಟ್ಟು ಹೋದಳು.

ಎಷ್ಟೋ ಹೊತ್ತಾಯಿತು. ಥರ್ಮಾಮೀಟರು ಇಪ್ಪತ್ತನಾಲ್ಕು ದಾಟಿತ್ತು. ಹವಳದ ಅಂಚಿನಲ್ಲಿ ಒಂದು ಹಸಿರು ಬೆರಳು, ಒಂದೇ ಒಂದು, ಹೊರಗೆ ಇಣುಕಿ ಅಲ್ಲಾಡಿತು.

ಅಮ್ಮ ಕಣ್ಣು ಬಿಟ್ಟು ನೀರು ಕುಡಿದಳು. “ನಾನು ಬಂದಾಗ ಏನೋ ಹಿಡ್ಕೊಂಡು ನಿಂತಿದ್ಯಲ್ಲ, ಏನದು?”

“ಇರಲಿ ಅಮ್ಮ. ನಿಧಾನಕ್ಕೆ” ಎಂದಳು ಬೃಂದಾ, ಇನ್ನೊಂದು ಬೆರಳಿಗಾಗಿ ಕಾಯುತ್ತ.